ಕುದುರೆಮುಖ ಪೀಕ್ ಹತ್ತೋದಾ, ಕುರಿಂಜಾಲ್‌ಗೆ ಹೋಗೋದಾ?

ಕುದುರೆಮುಖ ಅಂದ್ರೆ ಎಲ್ರೂ ಬುಕ್ ಮಾಡೋದು ಮುಳ್ಳೋಡಿ ಅನ್ನೋ ಹಳ್ಳಿಯಿಂದ ಹತ್ತೋ ಮೇನ್ ಪೀಕನ್ನೇ, ಅದೇ ನ್ಯಾಷನಲ್ ಪಾರ್ಕ್ ಒಳಗೇ ಕುರಿಂಜಾಲ್ ಅಂತ ಇನ್ನೊಂದಿದೆ ಅಂತ ಹೇಳಿದ್ರೆ ಹೌದಾ ಅಂತಾರೆ. ನಾನು ಎರಡನ್ನೂ ಹತ್ತಿದೀನಿ, ನನ್ನ ವೋಟು ಕುರಿಂಜಾಲ್‌ಗೇ.

ಮೇನ್ ಪೀಕ್ ಚೆನ್ನಾಗಿಲ್ಲ ಅಂತಲ್ಲ. ಸುಮಾರು 1,890 ಮೀಟರ್ ಎತ್ತರ, ಹೋಗಿ ಬರೋಕೆ 20 ಕಿಲೋಮೀಟರ್ ಮೇಲೇನೇ ಆಗುತ್ತೆ, ಮುಳ್ಳೋಡಿವರೆಗೆ ಜೀಪಲ್ಲಿ ಕುಲುಕಿಸ್ಕೊಂಡು ಹೋಗೋವಾಗ್ಲೇ ಅರ್ಧ ಸುಸ್ತು. ಆದ್ರೆ ದಾರೀಲಿ ಒಂಟಿಮರ ಅನ್ನೋ ಜಾಗ ದಾಟಿದ್ಮೇಲೆ ಸಿಗುತ್ತಲ್ಲ ಆ ಹುಲ್ಲುಗಾವಲು, ಬೆಟ್ಟದ ಮೇಲೆಲ್ಲ ಬರೀ ಹುಲ್ಲು, ನೀರು ಹರಿಯೋ ಸಂದಿಗಳಲ್ಲಿ ಮಾತ್ರ ಕಪ್ಪಗೆ ಒತ್ತಾಗಿರೋ ಶೋಲಾ ಕಾಡು, ಅದು ಕುರಿಂಜಾಲ್‌ನಲ್ಲಿ ಇಷ್ಟು ದೊಡ್ಡದಾಗಿ ಸಿಗಲ್ಲ, ಒಪ್ಕೋತೀನಿ. ಸಮಸ್ಯೆ ಏನಂದ್ರೆ ಮಳೆಗಾಲದಲ್ಲಿ ತುದಿಗೆ ಹೋದ್ರೆ ಪಕ್ಕದಲ್ಲಿರೋನೇ ಕಾಣಲ್ಲ, ಬರೀ ಮಂಜು ಗಾಳಿ. ವೀಕೆಂಡ್ ಅಂತೂ ಫೋಟೋಗೆ ಕ್ಯೂ, ಯಾರದ್ದೋ ಸ್ಪೀಕರ್ ಬೇರೆ. ಆ ಗಲಾಟೆಗೆ ಯಾವ ಕಡವೆ ನಿಲ್ಲುತ್ತೆ ಹೇಳಿ?

ಕುರಿಂಜಾಲ್ ಶುರುವಾಗೋದು ಭಗವತಿ ಅನ್ನೋ ನೇಚರ್ ಕ್ಯಾಂಪ್ ಕಡೆಯಿಂದ, ಹಳೆ ಮೈನಿಂಗ್ ಟೌನ್ ದಾಟಿ ಹೋಗ್ಬೇಕು. 2005ರ ಕೊನೆಗೆ ಸುಪ್ರೀಂ ಕೋರ್ಟ್ ಆದೇಶದಿಂದ ಗಣಿಗಾರಿಕೆ ನಿಂತ್ಮೇಲೆ ಖಾಲಿಯಾದ ಕ್ವಾರ್ಟರ್ಸ್‌ಗಳು ಈಗ ಪಾಚಿ ಹಿಡಿದು ನಿಂತಿವೆ, ಅದನ್ನ ನೋಡೋದೇ ಒಂಥರಾ. ದಾರಿ ಬಹುಪಾಲು ಹಳೆ ಜೀಪ್ ರೋಡು, ತಲೆ ಮೇಲೆ ಮರ, ನೆರಳು. ದೂರ ಮೇನ್ ಪೀಕ್‌ನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ, ಕೊನೇಲಿ ಮಾತ್ರ ಕಡಿದಾದ ಏರು, ಮೇಲೊಂದು ಪಾಳುಬಿದ್ದ ಟವರ್. ಜನ ಕಮ್ಮಿ ಇರೋದ್ರಿಂದ ನಿಧಾನಕ್ಕೆ ನಡೀಬಹುದು, ಕೆಂದಳಿಲು ಕೊಂಬೆಯಿಂದ ಕೊಂಬೆಗೆ ಹಾರೋದನ್ನ ನಿಂತು ನೋಡಿದ್ದು ಇಲ್ಲೇ, ರಸ್ತೆ ಮಧ್ಯೆ ಕಾಟಿ (ಕಾಡುಕೋಣ) ಸಗಣಿ ಇನ್ನೂ ಹಸಿಯಾಗಿತ್ತು, ಗೈಡ್ ಸುಮ್ನಿರಿ ಅಂತ ಕೈ ತೋರಿಸ್ದ. ಸಿಂಗಳೀಕ ಮಾತ್ರ ಎರಡೂ ಕಡೆ ಸಿಗ್ಲಿಲ್ಲ, ಅದು ಮರದ ತುದಿ ಬಿಟ್ಟು ಕೆಳಗಿಳಿಯೋದೇ ಅಪರೂಪ.

ಇಂಬಳದ ವಿಷಯದಲ್ಲಿ ಎರಡೂ ಹೆಚ್ಚುಕಮ್ಮಿ ಸಮ, ಕುರಿಂಜಾಲ್‌ನಲ್ಲಿ ನೆರಳು ಜಾಸ್ತಿ ಇರೋದಕ್ಕೆ ಒಂದು ಕೈ ಮುಂದೆ ಅನ್ಬಹುದು. ಉದ್ದನೆ ಸಾಕ್ಸ್ ಹಾಕಿ, ಉಪ್ಪಿನ ಪೊಟ್ಟಣ ಇಟ್ಕೊಳ್ಳಿ.

ಮಕ್ಳು, ಅಪ್ಪ ಅಮ್ಮ ಜೊತೆಗಿದ್ರೆ ಯೋಚನೆ ಬೇಡ, ಕುರಿಂಜಾಲ್. ಕಾಲು ಗಟ್ಟಿ ಇದ್ದು ಬೆಟ್ಟದ ಸಾಲು ನೋಡ್ಲೇಬೇಕು ಅಂದ್ರೆ ಮಳೆ ಬಿಟ್ಟಮೇಲೆ ಅಕ್ಟೋಬರ್ ನವೆಂಬರಲ್ಲಿ, ವಾರದ ಮಧ್ಯೆ ಮೇನ್ ಪೀಕ್ ಹತ್ತಿ. ಎರಡಕ್ಕೂ ಅರಣ್ಯ ಇಲಾಖೆ ಪರ್ಮಿಟ್ ಬೇಕು, ಬೇಸಿಗೇಲಿ ಕಾಡ್ಗಿಚ್ಚಿನ ಭಯಕ್ಕೆ ಟ್ರೆಕ್ ಬಂದ್ ಮಾಡ್ತಾರೆ, ಬಸ್ ಬುಕ್ ಮಾಡೋ ಮುಂಚೆ ಅದನ್ನ ನೋಡ್ಕೊಳ್ಳಿ.