ಬೆಳಗಾವಿ ಕೋರ್ಟಿನಲ್ಲಿ ಸರ್ಕಾರಿ ಅಭಿಯೋಜಕರ ಬಳಿ ನಾಲ್ಕು ವಾರ: ಹೋಗಬಹುದೇ?

ಕಾನೂನು ವಿದ್ಯಾರ್ಥಿಗಳು ಇಂಟರ್ನ್‌ಶಿಪ್‌ಗೆ ಅಭಿಯೋಜಕರ, ಅಂದರೆ ಸರ್ಕಾರದ ಪರವಾಗಿ ಕ್ರಿಮಿನಲ್ ಕೇಸು ನಡೆಸುವವರ ಬಳಿ ಹೋಗಬಹುದು. ಐದಕ್ಕೆ ನಾಲ್ಕು ಅಂಕ. ಕ್ರಿಮಿನಲ್ ಕೆಲಸ ಕಲಿಯಲು ಬೆಂಗಳೂರಿನ ರೈಲು ಹತ್ತಬೇಕಿಲ್ಲ, ಚನ್ನಮ್ಮ ವೃತ್ತದ ಪಕ್ಕದ ಕೋರ್ಟ್ ಆವರಣದಲ್ಲೇ ಬೇಕಾದಷ್ಟಿದೆ. ಆದರೆ ಯಾರ ಬಳಿ ಸೇರುತ್ತೀರಿ ಎಂಬುದರ ಮೇಲೆ ಎಲ್ಲ ನಿಂತಿದೆ.

ಹೆಚ್ಚಿನವರು ಸೆಷನ್ಸ್ ಕೋರ್ಟಿನ ಸರ್ಕಾರಿ ಅಭಿಯೋಜಕರನ್ನೇ ಹುಡುಕಿಕೊಂಡು ಹೋಗುತ್ತಾರೆ, ಕೊಲೆ ಕೇಸು ನೋಡುವ ಆಸೆ. ಅಲ್ಲಿ ನಾಲ್ಕು ವಾರದಲ್ಲಿ ಒಂದು ಪ್ರಕರಣದ ಎರಡು ಮೂರು ಸಾಕ್ಷಿ ಮುಗಿದರೆ ದೊಡ್ಡದು. ಜೆಎಂಎಫ್‌ಸಿ (ಪ್ರಥಮ ದರ್ಜೆ ಮ್ಯಾಜಿಸ್ಟ್ರೇಟ್) ಕೋರ್ಟಿನ ಸಹಾಯಕ ಸರ್ಕಾರಿ ಅಭಿಯೋಜಕರ ಬಳಿ ಕಳವು, ಹೊಡೆದಾಟ, ಅಪಘಾತದ ಕೇಸುಗಳು ಸಾಲಾಗಿ ಬರುತ್ತವೆ. ಜಾಮೀನಿಗೆ ತಕರಾರು, ಮುಖ್ಯ ವಿಚಾರಣೆ (ಕರೆಸಿದವರೇ ಸಾಕ್ಷಿಯನ್ನು ಕೇಳುವುದು), ಪಾಟೀ ಸವಾಲು (ಎದುರಿನವರು ಕೇಳುವುದು), ಆರೋಪಿಯ ಹೇಳಿಕೆ ಎಲ್ಲವೂ ಒಂದೇ ದಿನ ಕಣ್ಣಿಗೆ ಬೀಳಬಹುದು. ಮೊದಲ ಸಲ ಹೋಗುವವರಿಗೆ ಇದೇ ಸರಿ. ಚೆಕ್ ಬೌನ್ಸ್ ಕೇಸು ಕೂಗಿದಾಗ ಅಭಿಯೋಜಕರಿಗೆ ಕೆಲಸವಿಲ್ಲ, ಅದು ಖಾಸಗಿ ದೂರು. ಆ ಹೊತ್ತನ್ನು ಫೈಲು ಓದಲು ಇಟ್ಟುಕೊಳ್ಳಿ.

ಸೇರಲು ಪ್ರಾಂಶುಪಾಲರ ಪತ್ರ ಬೇಕು. ಅದರಲ್ಲಿ ಶುರುವಿನ ಮತ್ತು ಮುಗಿಯುವ ತಾರೀಖು ಎರಡೂ ಇರಲಿ. ಬಾರ್ ಕೌನ್ಸಿಲ್‌ನ 2008ರ ನಿಯಮದಂತೆ ಮೂರು ವರ್ಷದ ಕೋರ್ಸಿಗೆ ಒಟ್ಟು ಕನಿಷ್ಠ 12 ವಾರ ಇಂಟರ್ನ್‌ಶಿಪ್, ಐದು ವರ್ಷದ ಕೋರ್ಸಿಗೆ 20 ವಾರ. ಒಂದು ವರ್ಷದಲ್ಲಿ ಸತತವಾಗಿ ನಾಲ್ಕು ವಾರ ಮೀರುವಂತಿಲ್ಲ. ಉತ್ಸಾಹದಲ್ಲಿ ಆರು ವಾರ ಕೂತು ಪ್ರಮಾಣಪತ್ರ ತಂದರೆ ಕಾಲೇಜಿನಲ್ಲಿ ತಕರಾರು ಬರುತ್ತದೆ. ವಕೀಲರ ಬಳಿ ಒಮ್ಮೆಯಾದರೂ ಕೆಲಸ ಮಾಡಿರಬೇಕೆಂಬ ಷರತ್ತೂ ಇದೆ. ಅಭಿಯೋಜಕರ ಬಳಿಯ ವಾರಗಳು ಅದಕ್ಕೆ ನಡೆಯುತ್ತವೆಯೇ ಎಂದು ಕಾಲೇಜಿನಲ್ಲಿ ಮೊದಲೇ ಕೇಳಿಕೊಳ್ಳಿ. ಬಿಳಿ ಅಂಗಿ, ಕಪ್ಪು ಕೋಟು, ಕಪ್ಪು ಟೈ ಸಾಕು. ಕೊರಳಿನ ಬಿಳಿ ಬ್ಯಾಂಡು, ಗೌನು ವಕೀಲರದ್ದು, ಮುಟ್ಟಬೇಡಿ.

ನಿಜವಾದ ಕಲಿಕೆ ಕಲಾಪ ಶುರುವಾಗುವ ಒಂದು ತಾಸು ಮೊದಲು ನಡೆಯುತ್ತದೆ. ಅಂದಿನ ಪ್ರಕರಣದ ದೋಷಾರೋಪಣ ಪಟ್ಟಿ (ಚಾರ್ಜ್‌ಶೀಟು) ತೆಗೆದು ಬೇರೆ ಹಾಳೆಯಲ್ಲಿ ನಾಲ್ಕು ಅಂಕಣ ಎಳೆಯಿರಿ: ಚಾರ್ಜ್‌ಶೀಟಿನಲ್ಲಿ ಸಾಕ್ಷಿಯ ಸಂಖ್ಯೆ, ಅವರು ಏನನ್ನು ರುಜುವಾತು ಮಾಡಬೇಕು, ಯಾವ ದಾಖಲೆ, ಯಾವ ಮುದ್ದೆಮಾಲು (ಜಪ್ತಿಯಾದ ವಸ್ತು). ಚಾರ್ಜ್‌ಶೀಟಿನಲ್ಲಿ ಏಳನೆಯವರು ಕೋರ್ಟಿನಲ್ಲಿ ಮೂರನೆಯವರಾಗಿ ಬರಬಹುದು. ಈ ಎರಡು ಸಂಖ್ಯೆ ಕಲಸಿಕೊಂಡರೆ ವಾದದ ಟಿಪ್ಪಣಿ ಪೂರ್ತಿ ಹಾಳು.

ಪಂಚರ (ಪೊಲೀಸರು ಜಪ್ತಿ, ಸ್ಥಳ ಪರಿಶೀಲನೆ ಮಾಡುವಾಗ ಸಾಕ್ಷಿಯಾಗಿ ಸಹಿ ಹಾಕುವವರು) ಸಾಕ್ಷ್ಯವನ್ನು ತಪ್ಪಿಸಿಕೊಳ್ಳಬೇಡಿ. "ಸಹಿ ನಂದೇ, ಠಾಣೆಯಲ್ಲಿ ಮಾಡಿಸಿಕೊಂಡ್ರು" ಎಂದು ಪಂಚರು ತಿರುಗಿ ಬೀಳುತ್ತಾರೆ. ಆಗ ಅಭಿಯೋಜಕರು ನ್ಯಾಯಾಲಯದ ಅನುಮತಿ ಪಡೆದು ತಮ್ಮದೇ ಸಾಕ್ಷಿಗೆ ಪಾಟೀ ಸವಾಲು ಹಾಕುತ್ತಾರೆ (ಹೊಸ ಸಾಕ್ಷ್ಯ ಅಧಿನಿಯಮದ ಕಲಂ 157, ಹಳೆಯದರಲ್ಲಿ 154). ಪೊಲೀಸರ ಮುಂದೆ ಹೇಳಿಕೆ ಕೊಟ್ಟಿದ್ದ ಸಾಕ್ಷಿ ತಿರುಗಿಬಿದ್ದರೆ, ಆ ಹೇಳಿಕೆಯಲ್ಲಿ ವಿರೋಧವಿರುವ ಸಾಲುಗಳನ್ನು ಮಾತ್ರ ನಿಶಾನೆ ಮಾಡಿಸಬೇಕು (ಕೋರ್ಟಿನ ದಾಖಲೆಯಾಗಿ ಗುರುತು ಹಾಕಿಸಬೇಕು), ಇಡೀ ಹೇಳಿಕೆಯನ್ನಲ್ಲ. ಅದನ್ನು ಬಳಸಲು ಕಾನೂನು ಬಿಡುವುದು ವಿರೋಧ ತೋರಿಸಲಷ್ಟೇ. ಮುಂದೆ ತನಿಖಾಧಿಕಾರಿ ಬಂದಾಗ "ಈ ಸಾಕ್ಷಿ ಹೀಗೆ ಹೇಳಿದ್ದರೇ?" ಎಂದು ಕೇಳುವುದನ್ನು ಮರೆತರೆ ನಿಶಾನೆ ಮಾಡಿದ್ದೂ ವ್ಯರ್ಥ. ಈ ಮರೆವು ಅಪರೂಪವಲ್ಲ. ನಿಮ್ಮ ಅಂಕಣದ ಹಾಳೆ ಅಭಿಯೋಜಕರಿಗೆ ನಿಜಕ್ಕೂ ಉಪಯೋಗಕ್ಕೆ ಬರುವುದು ಇಲ್ಲೇ.

ಮುದ್ದೆಮಾಲಿನ ವಿಷಯದಲ್ಲೂ ಅಷ್ಟೇ. ಪಂಚನಾಮೆಯ ವಿವರ, ಪಿ.ಎಫ್. (ಠಾಣೆಯ ಜಪ್ತಿ ಮಾಲಿನ ನಮೂನೆ) ಸಂಖ್ಯೆ, ಸೀಲಿನ ಗುರುತು, ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯ) ವರದಿ ನಾಲ್ಕನ್ನೂ ತಾಳೆ ನೋಡಿ. ಒಂದು ಕಡೆ "ಕುಡಗೋಲು", ಇನ್ನೊಂದು ಕಡೆ "ಮಚ್ಚು" ಎಂದಿದ್ದರೆ ಎದುರಿನ ವಕೀಲರು ಅಲ್ಲಿಂದಲೇ ಎಳೆಯುತ್ತಾರೆ.

2024ರ ಜುಲೈ 1ರ ನಂತರ ಹಳೆಯ, ಹೊಸ ಎರಡೂ ಕಾನೂನು ಪಕ್ಕಪಕ್ಕ ನಡೆದಿವೆ. ಅದಕ್ಕೂ ಮೊದಲಿನ ಕೊಲೆಗೆ ಐಪಿಸಿ (ಹಳೆಯ ದಂಡ ಸಂಹಿತೆ) 302, ಆಮೇಲಿನದಕ್ಕೆ ಭಾರತೀಯ ನ್ಯಾಯ ಸಂಹಿತೆಯ 103. ಕೃತ್ಯ ಹಳೆಯದು, ದೂರು ಹೊಸದು ಎಂದಾದರೆ ಅಪರಾಧ ಐಪಿಸಿಯದ್ದು, ತನಿಖೆಯ ಕ್ರಮ ಹೊಸ ನಾಗರಿಕ ಸುರಕ್ಷಾ ಸಂಹಿತೆಯದ್ದು (ಸಿಆರ್‌ಪಿಸಿ ಜಾಗಕ್ಕೆ ಬಂದದ್ದು). ಹಳೆ-ಹೊಸ ಕಲಂಗಳ ಪಟ್ಟಿಯೊಂದು ಜೇಬಿನಲ್ಲಿರಲಿ. ದೋಷಾರೋಪಣ ಪಟ್ಟಿ ಸಲ್ಲಿಸುವ ಗಡುವಿನ 60 ಅಥವಾ 90 ದಿನ ಎಣಿಸುವುದನ್ನೂ ಕಲಿತು ಬನ್ನಿ: ಎಣಿಕೆ ಬಂಧನದಿಂದಲ್ಲ, ಮೊದಲ ರಿಮ್ಯಾಂಡಿನಿಂದ (ಮ್ಯಾಜಿಸ್ಟ್ರೇಟರು ಆರೋಪಿಯನ್ನು ಕಸ್ಟಡಿಗೆ ಒಪ್ಪಿಸಿದ ದಿನದಿಂದ). ರಿಮ್ಯಾಂಡಿನ ದಿನವೂ ಲೆಕ್ಕಕ್ಕೆ ಸೇರುತ್ತದೆ ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿದೆ. ಒಂದು ದಿನದ ತಪ್ಪಿಗೆ ಆರೋಪಿ ಜಾಮೀನಿನ ಮೇಲೆ ಹೊರಗೆ ಬರುತ್ತಾನೆ.

ಬೇರೆ ಊರಿನಲ್ಲಿ ಸುಲಭಕ್ಕೆ ಸಿಗದ ಪಾಠ ಭಾಷೆಯದ್ದು. ಮರಾಠಿ ಸಾಕ್ಷಿಯ ಮಾತು ಕನ್ನಡದಲ್ಲಿ ದಾಖಲಾಗುತ್ತದೆ. ಮರಾಠಿಯವರ ಆಡುಮಾತಿನಲ್ಲಿ "ಭಾವ" ಅಂದರೆ ಒಡಹುಟ್ಟಿದವನು, ಕನ್ನಡದಲ್ಲಿ ಅಕ್ಕನ ಗಂಡ. ಮೃತನಿಗೆ ಸಾಕ್ಷಿ ಏನಾಗಬೇಕು ಎಂಬುದೇ ಪ್ರಶ್ನೆಯಾದ ಕೇಸಿನಲ್ಲಿ ಈ ಒಂದು ಪದ ತಪ್ಪಿದರೆ ಸಾಕು, ಕೇಸು ಕೆಡುತ್ತದೆ. ಇಂಥದ್ದು ಕಿವಿಗೆ ಬಿದ್ದರೆ ಚೀಟಿ ಬರೆದು ಅಭಿಯೋಜಕರ ಕೈಗೆ ಕೊಡಿ. ನೀವೇ ಎದ್ದು ಹೇಳಬೇಡಿ, ವಿದ್ಯಾರ್ಥಿಗೆ ಅಲ್ಲಿ ಬಾಯಿಲ್ಲ.

ಒಂದು ಅಂಕ ಕಡಿತ ಇದಕ್ಕೇ: ಹೇಳಿಕೊಡಲು ಯಾರಿಗೂ ಪುರುಸೊತ್ತಿಲ್ಲ. ಕೇಳದಿದ್ದರೆ ನಾಲ್ಕು ವಾರ ಬೆಂಚಿನ ಮೇಲೆ ಕೂತು ವಾಯಿದೆ (ಮುಂದಿನ ತಾರೀಖು) ಬರೆದುಕೊಳ್ಳುವುದೇ ಆಗುತ್ತದೆ. ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ) ವಿಚಾರಣೆ ಮುಚ್ಚಿದ ಬಾಗಿಲಿನೊಳಗೆ ನಡೆಯುವುದರಿಂದ ಅಲ್ಲಿ ಕೂರುವ ನಿರೀಕ್ಷೆ ಬೇಡ. ಕೇಸ್ ಡೈರಿಯ (ಪೊಲೀಸರ ತನಿಖಾ ದಿನಚರಿ) ಫೋಟೊ ತೆಗೆಯುವುದು, ಸಂತ್ರಸ್ತೆಯ ಹೆಸರನ್ನು ಇಂಟರ್ನ್‌ಶಿಪ್ ಡೈರಿಯಲ್ಲಿ ಬರೆಯುವುದು, ಪಡಸಾಲೆಯಲ್ಲಿ ಸಾಕ್ಷಿಗೆ "ಹೀಗೆ ಹೇಳಿ" ಎನ್ನುವುದು ಮೂರೂ ಕೂಡದು. ನಿಮ್ಮ ಡೈರಿಗೆ ಪ್ರಕರಣದ ಸಂಖ್ಯೆ, ಕಲಂ, ಹಂತ, ಅಂದು ನಡೆದದ್ದು, ಮುಂದಿನ ವಾಯಿದೆ ಸಾಕು. ಆರು ಪ್ರಕರಣ ಬೆನ್ನುಹತ್ತಿದರೆ ಮೂವತ್ತರ ತಲೆಬರಹ ಬರೆಯುವುದಕ್ಕಿಂತ ಮೇಲು. ಕಾಲೇಜಿನ ಕ್ಲಿನಿಕಲ್ (ಪ್ರಾಯೋಗಿಕ) ಪೇಪರಿನಲ್ಲಿ ಒಂದು ಕ್ರಿಮಿನಲ್ ವಿಚಾರಣೆ ನೋಡಿದ ವರದಿಯೂ ಬೇಕಲ್ಲ, ಆ ಆರರಲ್ಲೇ ಒಂದನ್ನು ಅದಕ್ಕೆ ಇಟ್ಟುಕೊಳ್ಳಿ.

ಕೊನೆಯ ದಿನ ಪ್ರಮಾಣಪತ್ರಕ್ಕೆ ಓಡಬೇಡಿ, ಅಂದು ಸಾಹೇಬರು ರಜೆಯಲ್ಲಿರಬಹುದು. ಮೂರು ದಿನ ಮೊದಲೇ ಕರಡು ಬರೆದುಕೊಟ್ಟು ತಾರೀಖು, ಹಾಜರಿ ದಿನ, ಸಹಿ, ಮೊಹರು ನಾಲ್ಕೂ ಇವೆಯೇ ನೋಡಿಕೊಳ್ಳಿ.