ತೆಳು ಹೊಗೆಯ ಮೂರು ಮಾಲ್ಟ್: ಓಬನ್, ಟಾಲಿಸ್ಕರ್, ಪಾಲ್ ಜಾನ್

ಚಿಕ್ಕಮಗಳೂರಿನ ಹೋಂಸ್ಟೇಗಳಲ್ಲಿ ಕತ್ತಲಾದರೆ ಅಂಗಳದಲ್ಲಿ ಬೆಂಕಿ, ಸುತ್ತ ಕುರ್ಚಿ, ನಡುವೆ ಬಾಟಲಿ. ಹೊಗೆವಾಸನೆಯ ವಿಸ್ಕಿಯ ರುಚಿ ನೋಡಲು ಇದಕ್ಕಿಂತ ಕೆಟ್ಟ ಜಾಗ ಇಲ್ಲ. ಲಫ್ರೋಯ್ಗ್‌ನಂಥ ಕಟು ಮಾಲ್ಟ್ (ಮೊಳಕೆ ಬರಿಸಿದ ಬಾರ್ಲಿಯ ವಿಸ್ಕಿ) ಹೇಗೋ ಬಚಾವಾಗುತ್ತದೆ. ತೆಳು ಹೊಗೆಯ ಕಡಲತೀರದ ಮಾಲ್ಟ್‌ಗಳಲ್ಲಿ ಮಾತ್ರ ಸೌದೆ ಹೊಗೆಯ ಮುಂದೆ ಸಿಹಿಯೊಂದೇ ಉಳಿಯುತ್ತದೆ. ಹಾಗಾಗಿ ಇಲ್ಲಿನ ಮೂರನ್ನೂ ಬೆಂಕಿಯಿಂದ ದೂರ, ಮನೆಯೊಳಗೆ ಕೂತೇ ನೋಡಿದ್ದು.

ಮೂರರ ಜಾತಕ ಇಷ್ಟು. ಓಬನ್ 14 ವರ್ಷ, ಮದ್ಯಸಾರ ಶೇ 43; ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯ ಊರಿನಲ್ಲಿ 1794ರಲ್ಲಿ ಶುರುವಾದ, ಎರಡೇ ಭಟ್ಟಿಪಾತ್ರೆಗಳ ಸಣ್ಣ ಡಿಸ್ಟಿಲರಿ. ಟಾಲಿಸ್ಕರ್ 10 ವರ್ಷ, ಶೇ 45.8, ಸ್ಕೈ ದ್ವೀಪದ್ದು, 1830ರ ಸ್ಥಾಪನೆ. ಪಾಲ್ ಜಾನ್ ಎಡಿಟೆಡ್, ಶೇ 46, ಗೋವಾದ್ದು. ಬಾರ್ಲಿ ನಮ್ಮ ದೇಶದ್ದು, ಹೊಗೆ ಹಾಕಲು ಉರಿಸುವ ಪೀಟ್ (ಜೌಗು ನೆಲದಿಂದ ಅಗೆದು ಒಣಗಿಸಿದ ಮಣ್ಣು) ಸ್ಕಾಟ್ಲೆಂಡಿನದು.

ಬಾಟಲಿಯಿಂದ ಬಗ್ಗಿಸಿ ಹಾಗೇ ಹೋಲಿಸಿದರೆ ಹೆಚ್ಚು ಸ್ಟ್ರಾಂಗ್ ಇರುವುದೇ ಗೆಲ್ಲುತ್ತದೆ. ಅದು ನ್ಯಾಯವಲ್ಲ. ಮೊದಲು ನೀರಿಲ್ಲದೆ ಮೂಸಿ, ಒಂದು ಗುಟುಕು ನೋಡಿ. ಆಮೇಲೆ ಬೇರೆ ಗ್ಲಾಸುಗಳಲ್ಲಿ 25 ಮಿಲಿಯಂತೆ ಅಳೆದು ಎಲ್ಲವನ್ನೂ ಶೇ 40ಕ್ಕೆ ಇಳಿಸಿ. ಓಬನ್‌ಗೆ 2 ಮಿಲಿ ನೀರು ಸಾಕು, ಟಾಲಿಸ್ಕರ್‌ಗೆ ಮೂರೂವರೆ, ಪಾಲ್ ಜಾನ್‌ಗೆ ಕಾಲು ಕಡಿಮೆ ನಾಲ್ಕು. ಮೆಡಿಕಲ್ ಶಾಪಿನ 5 ಮಿಲಿ ಸಿರಿಂಜ್, ಸೂಜಿ ತೆಗೆದು, ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಗ್ಲಾಸು ಬಾಯಿ ಕಿರಿದಾಗಿರಲಿ. ಅಗಲ ಬಾಯಿಯ ಗ್ಲಾಸಿನಲ್ಲಿ ತೆಳು ಹೊಗೆ ಮೂಗಿಗೆ ಸಿಗುವ ಮೊದಲೇ ಹಾರಿಹೋಗುತ್ತದೆ.

ನೀರಿನ ವಿಷಯದಲ್ಲಿ ಮಲೆನಾಡಿನವರೇ ಎಡವುವುದು. ಸೌದೆ ಒಲೆಯಲ್ಲಿ ಕಾಯಿಸಿ ಆರಿಸಿದ ನೀರು ಹೊಗೆ ಹಿಡಿದಿರುತ್ತದೆ. ಅದನ್ನು ಹಾಕಿ ಓಬನ್‌ನಲ್ಲಿ ಹೊಗೆ ಹುಡುಕುವುದು ವ್ಯರ್ಥ. ಅರಸೀಕೆರೆ ಕಡೆಯ ಗಡಸು ಬೋರ್‌ವೆಲ್ ನೀರೂ ಬೇಡ. ಫಿಲ್ಟರ್ ಮಾಡಿದ, ಫ್ರಿಜ್ಜಿನಲ್ಲಿ ಇಡದ ನೀರು ಸರಿ. ತಣ್ಣೀರು ಬಿದ್ದರೆ ಪಾಲ್ ಜಾನ್ ಮಬ್ಬಾಗಬಹುದು. ಚಿಲ್ ಫಿಲ್ಟರ್ ಮಾಡದ, ಅಂದರೆ ತಣಿಸಿ ಸೋಸದ ವಿಸ್ಕಿಯಲ್ಲಿ ಉಳಿದಿರುವ ಕೊಬ್ಬಿನಂಶ ಮದ್ಯಸಾರ ಇಳಿದಾಗ ಬೇರ್ಪಡುವುದೇ ಅದಕ್ಕೆ ಕಾರಣ. ಕೆಟ್ಟಿದೆ ಎಂದು ಚೆಲ್ಲಬೇಡಿ.

ಕ್ರಮ: ಓಬನ್, ಪಾಲ್ ಜಾನ್, ಕೊನೆಗೆ ಟಾಲಿಸ್ಕರ್. ತಿರುವುಮುರುವಾದರೆ ಹೊಗೆವಾಸನೆ ತರುವ ಫೀನಾಲ್‌ಗಳಿಗೆ ಮೂಗು ಒಗ್ಗಿಹೋಗಿ ಓಬನ್‌ನಲ್ಲಿ ಏನೂ ಸಿಗುವುದಿಲ್ಲ. ಕಾಫಿ ಕುಡಿದು ಒಂದು ಗಂಟೆಯಾದರೂ ಆಗಿರಬೇಕು. ಜೊತೆಗೆ ಉಪ್ಪಿಲ್ಲದ ಹುರಿಗಡಲೆ, ಬರೀ ಅಕ್ಕಿರೊಟ್ಟಿ ಸಾಕು. ಕೋಡುಬಳೆ, ಪಂದಿ ಫ್ರೈ ಆಮೇಲಕ್ಕಿರಲಿ.

ಓಬನ್‌ನಲ್ಲಿ ಮೊದಲು ಬರುವುದು ಕಿತ್ತಳೆ ಸಿಪ್ಪೆ, ಜೇನು. ಹೊಗೆ ನುಂಗಿದ ಮೇಲೆ ಎಳೆಯಷ್ಟು. ಶೇ 40ಕ್ಕೆ ಇಳಿಸಿದರೆ ಆ ಎಳೆಯೂ ಹೋಗುತ್ತದೆ. ಇದಕ್ಕೆ ನೀರು ಬೇಡವೇ ಬೇಡ. ಪಾಲ್ ಜಾನ್ ಇದಕ್ಕೆ ತದ್ವಿರುದ್ಧ: ನೀರಿಲ್ಲದಾಗ ಬೆಲ್ಲದ ಸಿಹಿ, ಮರದ ಒಗರು ಮುಂದೆ ನಿಂತು ಹೊಗೆಯನ್ನು ಮುಚ್ಚುತ್ತವೆ, ನೀರು ಬಿದ್ದ ಮೇಲೆ ಕೋಕೋ, ಒಣ ಹೊಗೆ ಬಿಡಿಬಿಡಿಯಾಗಿ ಕಾಣುತ್ತವೆ. ಗೋವಾದ ಸೆಕೆಯಲ್ಲಿ ಪೀಪಾಯಿಯ ಮರ ಬೇಗ ಕೆಲಸ ಮಾಡುವುದರಿಂದ ಆ ಒಗರು.

ಟಾಲಿಸ್ಕರ್ ಬೇರೆಯದೇ ವರ್ಗ. ಮೂಗಿಗೆ ಹೊಗೆ, ಸ್ವಲ್ಪ ಅಯೋಡಿನ್. ಬಾಯಲ್ಲಿ ಸಿಹಿಯಿಂದ ಶುರುವಾಗಿ, ನುಂಗುವಾಗ ಗಂಟಲಲ್ಲಿ ಖಾರ. ಕಾಫಿ ತೋಟದ ಸಿಲ್ವರ್ ಓಕ್ ಮೇಲಿನ ಬಳ್ಳಿಯ ಒಣ ಕರಿಮೆಣಸನ್ನು ಹಲ್ಲಲ್ಲಿ ಒಡೆದ ಹಾಗೆ, ಒಂದು ಕ್ಷಣ ತಡವಾಗಿ ಏರುತ್ತದೆ. ನೀರು ಹಾಕಿದರೂ ಆ ಖಾರ ಬಗ್ಗುವುದಿಲ್ಲ.

ಕಾಫಿ ಕಪ್ಪಿಂಗ್ (ರುಚಿ ಪರೀಕ್ಷೆ) ಬಲ್ಲವರಿಗೆ ಆ ಅಯೋಡಿನ್ ವಾಸನೆ ಕಿರಿಕಿರಿ ಮಾಡಬಹುದು. ಕಾಫಿಯಲ್ಲಿ ಅದೇ ಬಗೆಯ ಔಷಧಿ ವಾಸನೆ ಬಂದರೆ ‘ರಿಯೋ’ ಎಂದು ಲಾಟನ್ನೇ ಪಕ್ಕಕ್ಕಿಡುತ್ತಾರೆ. ಇಲ್ಲಿ ಅದಕ್ಕೇ ದುಡ್ಡು! ಉಪ್ಪಿನ ಮಾತೂ ಹಾಗೇ. ಭಟ್ಟಿ ಇಳಿಸುವಾಗ ಉಪ್ಪು ಆವಿಯಾಗಿ ಬರುವುದಿಲ್ಲ. ನಾಲಿಗೆಗೆ ಅನ್ನಿಸುವ ‘ಕಡಲು’ ಹೆಚ್ಚಾಗಿ ಪೀಟ್‌ನ ಫೀನಾಲ್‌ಗಳ ಕೈಚಳಕ. ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ ಎಷ್ಟು ಫೀನಾಲ್ ಎಂಬ) ಅಂಕಿ ನೋಡಿ ಕೊಳ್ಳುವವರು ಒಂದು ನೆನಪಿಡಬೇಕು: ಅದು ಸಾಮಾನ್ಯವಾಗಿ ಮಾಲ್ಟ್ ಮಾಡಿದ ಬಾರ್ಲಿಯಲ್ಲಿ ಅಳೆದದ್ದು, ಬಾಟಲಿಯೊಳಗಿನದಲ್ಲ. ಫೀನಾಲ್‌ಗಳು ಭಟ್ಟಿಯ ಕೊನೆಕೊನೆಗೆ ಹೆಚ್ಚು ಇಳಿಯುತ್ತವೆ. ಸಂಗ್ರಹವನ್ನು ಎಲ್ಲಿ ನಿಲ್ಲಿಸುತ್ತಾರೆ ಎಂಬುದರ ಮೇಲೆ ಹೊಗೆ ಎಷ್ಟು ಉಳಿಯಬೇಕೆಂಬುದು ನಿಂತಿದೆ.

ಒಂದೇ ಬಾಟಲಿ ಕೊಳ್ಳುವುದಾದರೆ ಟಾಲಿಸ್ಕರ್. ಹೊಗೆಯ ವಿಸ್ಕಿ ಹೊಸದಾಗಿ ಶುರುಮಾಡುವವರಿಗೆ, ಜೇಬನ್ನೂ ನೋಡಬೇಕಾದವರಿಗೆ ಪಾಲ್ ಜಾನ್. ಓಬನ್ ಒಳ್ಳೆಯದೇ, ಆದರೆ ಹೊಗೆಗಾಗಿ ಅದನ್ನು ಕೊಳ್ಳುವುದು ದಂಡ. ಬೆಂಗಳೂರಿನ ಅಮೃತ್ ಫ್ಯೂಷನ್ ಶೇ 50. ಕಡಲಿನ ಹಂಗಿಲ್ಲದಿದ್ದರೂ ಈ ಸಾಲಿನಲ್ಲಿ ನಾಲ್ಕನೆಯದಾಗಿ, ಟಾಲಿಸ್ಕರ್ ಆದ ಮೇಲೆ ಇಡಬಹುದು. 25 ಮಿಲಿಗೆ ಆರು ಮಿಲಿ ನೀರು ಬೇಕಾಗುತ್ತದೆ.

ಬಾಟಲಿ ಮೂರನೇ ಒಂದು ಭಾಗಕ್ಕೆ ಇಳಿದರೆ ಸಣ್ಣ ಗಾಜಿನ ಶೀಶೆಗೆ ತುಂಬಿಡಿ. ಗಾಳಿ ಹೆಚ್ಚಾದಷ್ಟೂ ಮೊದಲು ಸಾಯುವುದು ತೆಳು ಹೊಗೆಯೇ. ಬಾಟಲಿ ನೆಟ್ಟಗೇ ನಿಂತಿರಲಿ, ಮಲಗಿಸಿದರೆ ಕಾರ್ಕ್ ಹಾಳು. ಸಕಲೇಶಪುರ, ಮೂಡಿಗೆರೆಯ ಮಳೆಗಾಲದಲ್ಲಿ ಕಾರ್ಕಿನ ತಲೆಗೆ ಬೂಷ್ಟು ಬಂದರೆ ತೆರೆಯುವ ಮೊದಲು ಒಣ ಬಟ್ಟೆಯಲ್ಲಿ ಒರೆಸಿ.