ಬಾಡಿಗೆ ಮನೆಯ ಹಜಾರದಲ್ಲಿ ಹೋಂ ಥಿಯೇಟರ್: ಹಿಂಬದಿಯ ಸ್ಪೀಕರ್‌ಗಳನ್ನು ಕೈಬಿಟ್ಟ ಕಥೆ

ಹದಿನಾಲ್ಕು ತಿಂಗಳಲ್ಲಿ ನಮ್ಮ ಮನೆಯ ಹಜಾರಕ್ಕೆ ಮೂರು ಬಗೆಯ ಧ್ವನಿ ವ್ಯವಸ್ಥೆಗಳು ಬಂದವು. ಮೊದಲನೆಯದು 31,500 ರೂಪಾಯಿ ಕೊಟ್ಟು ತಂದ 5.1 ಸೌಂಡ್‌ಬಾರ್, ಎಂದರೆ ಟಿವಿಯ ಕೆಳಗಿಡುವ ಉದ್ದನೆಯ ಸ್ಪೀಕರ್ (5.1 ಎಂದರೆ ಮುಂದೆ ಮೂರು, ಹಿಂದೆ ಎರಡು, ಜೊತೆಗೊಂದು ಸಬ್‌ವೂಫರ್); ಅದರ ಜೊತೆಗೆ ತಗ್ಗಿನ ಗುಡುಗು ಶಬ್ದಕ್ಕೆ ಒಂದು ಸಬ್‌ವೂಫರ್ ಮತ್ತು ಹಿಂಬದಿಗೆ ಎರಡು ‘ವೈರ್‌ಲೆಸ್’ ಸ್ಪೀಕರ್‌ಗಳಿದ್ದವು. ಎರಡನೆಯದು ಸ್ನೇಹಿತರೊಬ್ಬರು ಮೂರು ವಾರಗಳ ಮಟ್ಟಿಗೆ ಕೊಟ್ಟಿದ್ದ ಸ್ಟೀರಿಯೊ ಆಂಪ್ಲಿಫೈಯರ್ ಮತ್ತು ಒಂದು ಜೊತೆ ಬುಕ್‌ಶೆಲ್ಫ್ ಸ್ಪೀಕರ್. ಮೂರನೆಯದು ಈಗ ನಮ್ಮಲ್ಲಿ ಉಳಿದುಕೊಂಡಿರುವ ಹಳೆಯ ಎವಿ ರಿಸೀವರ್ (ಧ್ವನಿಯನ್ನು ಬಿಡಿಸಿ ಸ್ಪೀಕರ್‌ಗಳಿಗೆ ಹಂಚುವ ಆಂಪ್ಲಿಫೈಯರ್), ಮುಂದಿನ ಮೂರು ಸ್ಪೀಕರ್‌ಗಳು ಮತ್ತು ಒಂದು ಸಬ್‌ವೂಫರ್. ಮೂರನೆಯದೇ ನನಗೆ ಮೆಚ್ಚಿಕೆಯಾದದ್ದು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಮೊದಲನೆಯದರ ಮೇಲಿನ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲವಾದ್ದರಿಂದ, ಓದುವವರು ನನ್ನ ಮಾತಿನಲ್ಲಿ ಅಷ್ಟನ್ನು ಕಳೆದು ಓದಬಹುದು.

ಮನೆಯ ವಿವರ ಹೇಳದೆ ಮುಂದಿನ ಮಾತು ಅರ್ಥವಾಗುವುದಿಲ್ಲ. ನಮ್ಮದು ಬೆಂಗಳೂರಿನ ಬಾಡಿಗೆ ಮನೆ, ಮೊದಲ ಮಹಡಿ. ಹಜಾರ 11 ಅಡಿ ಅಗಲ, 16 ಅಡಿ ಉದ್ದ. ಅಗಲದ ಒಂದು ಗೋಡೆಯ ಮೇಲೆ 55 ಇಂಚಿನ ಟಿವಿ, ಎದುರಿನ ಗೋಡೆಗೆ ಆತುಕೊಂಡು ಸೋಫಾ. ಎಡಕ್ಕೆ ಕಿಟಕಿಯಿರುವ ಗೋಡೆಯಿದೆ. ಬಲಕ್ಕೆ ಸೋಫಾದ ಪಕ್ಕದಲ್ಲಿ ಗೋಡೆಯೇ ಇಲ್ಲ, ಅಲ್ಲಿಂದ ನೇರವಾಗಿ ಊಟದ ಕೋಣೆಗೆ ದಾರಿ. ನೆಲಕ್ಕೆ ವಿಟ್ರಿಫೈಡ್ ಟೈಲ್ಸ್. ಮಾಲೀಕರು ಕೆಳಗಿನ ಮನೆಯಲ್ಲೇ ಇದ್ದಾರೆ, ಗೋಡೆಗೆ ಹೊಸದಾಗಿ ಒಂದು ಮೊಳೆಯನ್ನೂ ಹೊಡೆಯಬಾರದೆಂದು ಕರಾರಿನಲ್ಲೇ ಬರೆಸಿಕೊಂಡಿದ್ದಾರೆ.

ಸೌಂಡ್‌ಬಾರ್‌ನ ಪೆಟ್ಟಿಗೆಯ ಮೇಲೆ ‘ವೈರ್‌ಲೆಸ್’ ಎಂಬ ಪದ ದೊಡ್ಡ ಅಕ್ಷರಗಳಲ್ಲಿತ್ತು, ನಾನು ಅದನ್ನು ನಂಬಿಯೇ ಕೊಂಡೆ. ಮನೆಗೆ ತಂದು ಬಿಚ್ಚಿದಾಗ ತಿಳಿದ ಸಂಗತಿಯೆಂದರೆ, ತಂತಿ ಇಲ್ಲದಿರುವುದು ಸೌಂಡ್‌ಬಾರ್‌ಗೂ ಹಿಂಬದಿಯಲ್ಲಿಡಬೇಕಾದ ಒಂದು ಪುಟ್ಟ ಡಬ್ಬಿಗೂ ನಡುವೆ ಮಾತ್ರ. ಆ ಡಬ್ಬಿಗೆ ಕರೆಂಟ್ ಬೇಕು. ಅದರಿಂದ ಎಡ ಸ್ಪೀಕರ್‌ಗೆ ಒಂದು, ಬಲ ಸ್ಪೀಕರ್‌ಗೆ ಒಂದು ತಂತಿ ಎಳೆಯಬೇಕು. ಹೀಗೆ ಸೋಫಾದ ಹಿಂದೆ ಒಟ್ಟು ಮೂರು ತಂತಿಗಳಾದವು. ಸಾಧಾರಣ ರಿಸೀವರ್‌ನಿಂದ ಎಳೆದಿದ್ದರೆ ಎರಡೇ ಸಾಕಾಗುತ್ತಿತ್ತು. ಕಡಿಮೆ ತಂತಿಗಾಗಿ ಹೆಚ್ಚು ಹಣ ಕೊಟ್ಟು ಒಂದು ತಂತಿಯನ್ನು ಹೆಚ್ಚಿಗೆ ಪಡೆದಿದ್ದೆ.

ಸೋಫಾದ ಹಿಂದೆ ಪ್ಲಗ್ ಪಾಯಿಂಟ್ ಇರಲಿಲ್ಲ. ಇದ್ದದ್ದು ಊಟದ ಕೋಣೆಯ ಸ್ವಿಚ್‌ಬೋರ್ಡಿನಲ್ಲಿ, ದಾರಿಯ ಆಚೆಗೆ. ಅಲ್ಲಿಂದ ಎಕ್ಸ್‌ಟೆನ್ಶನ್ ಬಾಕ್ಸ್ ಎಳೆದು, ದಾರಿಯುದ್ದಕ್ಕೂ ತಂತಿಯನ್ನು ನೆಲಕ್ಕೆ ಟೇಪಿನಿಂದ ಅಂಟಿಸಿ, ಮೇಲೊಂದು ಕಾಲೊರಸು ಹಾಸಿದೆ. ಮನೆಗೆಲಸಕ್ಕೆ ಬರುವ ಅಮ್ಮ ಪ್ರತಿದಿನ ನೆಲ ಒರೆಸುತ್ತಿದ್ದರಿಂದ ವಾರಕ್ಕೆರಡು ಸಲವಾದರೂ ಟೇಪು ಬಿಟ್ಟುಕೊಳ್ಳುತ್ತಿತ್ತು, ಪ್ಲಗ್ಗು ಸಡಿಲವಾಗುತ್ತಿತ್ತು. ಒದ್ದೆ ನೆಲದ ಮೇಲೆ ಎಕ್ಸ್‌ಟೆನ್ಶನ್ ಬಾಕ್ಸ್ ಇರುವುದನ್ನು ಕಂಡು ನನ್ನ ತಾಯಿಯವರು ಎರಡನೆಯ ವಾರವೇ ಆಕ್ಷೇಪಿಸಿದರು, ಅದರಲ್ಲಿ ತಪ್ಪೇನೂ ಇರಲಿಲ್ಲ.

ಇದಕ್ಕಿಂತ ದೊಡ್ಡ ತೊಡಕು ಮೊದಲ ಬಾರಿ ಕರೆಂಟ್ ಹೋದಾಗ ಗೊತ್ತಾಯಿತು. ನಮ್ಮಲ್ಲಿ ಟಿವಿಯ ಪಾಯಿಂಟ್ ಇನ್ವರ್ಟರ್ ಲೈನಿನಲ್ಲಿದೆ, ಊಟದ ಕೋಣೆಯ ಪಾಯಿಂಟ್ ಇಲ್ಲ. ಕರೆಂಟ್ ಹೋದೊಡನೆ ಟಿವಿ ನಡೆಯುತ್ತಿತ್ತು, ಸೌಂಡ್‌ಬಾರ್ ಮಾತನಾಡುತ್ತಿತ್ತು, ಹಿಂದಿನ ಡಬ್ಬಿ ಮಾತ್ರ ಸತ್ತುಹೋಗುತ್ತಿತ್ತು. ಕರೆಂಟ್ ಬಂದ ಮೇಲೆ ಅದು ತಾನಾಗಿ ಸೌಂಡ್‌ಬಾರ್‌ನೊಂದಿಗೆ ಮತ್ತೆ ಸೇರಿಕೊಳ್ಳುತ್ತಿರಲಿಲ್ಲ. ಸೌಂಡ್‌ಬಾರನ್ನು ಆರಿಸಿ, ಅರ್ಧ ನಿಮಿಷ ಬಿಟ್ಟು ಮತ್ತೆ ಹಾಕಬೇಕಿತ್ತು. ಹಿಂದಿನಿಂದ ಶಬ್ದ ಬರುತ್ತಿಲ್ಲವೆಂಬುದು ಎಷ್ಟೋ ಸಲ ನಮ್ಮ ಗಮನಕ್ಕೇ ಬರುತ್ತಿರಲಿಲ್ಲ. ಒಮ್ಮೆ ಪೂರ್ತಿ ನಾಲ್ಕು ದಿನ ಹಾಗೆಯೇ ಕಳೆದುಹೋಗಿತ್ತು. ನಾಲ್ಕು ದಿನ ಇಲ್ಲದಿದ್ದರೂ ಯಾರಿಗೂ ಕೊರತೆ ಕಾಣದ ಸ್ಪೀಕರ್‌ಗಳಿಗಾಗಿ ಇಷ್ಟೆಲ್ಲ ಪಾಡು ಪಡುತ್ತಿರುವುದೇಕೆ ಎಂಬ ಪ್ರಶ್ನೆ ಆಗ ಹುಟ್ಟಿತು.

ಉತ್ತರ ಹುಡುಕುವಾಗ ಹಜಾರದ ಆಕಾರವೇ ಎದುರು ನಿಂತಿತು. 5.1 ವ್ಯವಸ್ಥೆಯಲ್ಲಿ ಹಿಂಬದಿಯ ಸ್ಪೀಕರ್‌ಗಳು ಕೇಳುಗನ ಪಕ್ಕದಿಂದ ತುಸು ಹಿಂದಕ್ಕೆ, ಟಿವಿಯ ದಿಕ್ಕಿನಿಂದ ಅಳೆದರೆ ಸುಮಾರು 110 ಡಿಗ್ರಿಯಲ್ಲಿ ಇರಬೇಕು. ಸೋಫಾ ಗೋಡೆಗೆ ಆತುಕೊಂಡಿದ್ದರೆ ‘ಹಿಂದೆ’ ಎಂಬ ಜಾಗವೇ ಇರುವುದಿಲ್ಲ. ಎಡ ಸ್ಪೀಕರನ್ನು ಕಿಟಕಿಯ ಕಟ್ಟೆಯ ಮೇಲೆ ಕೂರಿಸಿದೆ; ಬಲದ್ದಕ್ಕೆ ಗೋಡೆಯೇ ಇಲ್ಲದ್ದರಿಂದ ಅದನ್ನು ಒಂದು ಸ್ಟೂಲಿನ ಮೇಲೆ ದಾರಿಯ ಅಂಚಿನಲ್ಲಿ ಇಡಬೇಕಾಯಿತು. ಒಂದು ಕಿವಿಗೆ ಮೂರಡಿ ದೂರ, ಇನ್ನೊಂದಕ್ಕೆ ಐದಡಿ. ಇದಲ್ಲದೆ, ನಮ್ಮ ಮನೆಯಲ್ಲಿ ದಿನದ ಬಹುಪಾಲು ನಡೆಯುವುದು ಸೆಟ್‌ಟಾಪ್ ಬಾಕ್ಸ್‌ನ ಧಾರಾವಾಹಿ ಮತ್ತು ವಾರ್ತೆ, ಅವು ಬರುವುದು ಸ್ಟೀರಿಯೊದಲ್ಲಿ. ಹಿಂಬದಿಗೆ ನಿಜವಾದ ಕೆಲಸವಿದ್ದದ್ದು ವಾರಕ್ಕೊಂದು ಓಟಿಟಿ ಸಿನಿಮಾಕ್ಕೆ ಮಾತ್ರ.

ಸೌಂಡ್‌ಬಾರ್‌ನ ಧ್ವನಿ ಕೆಟ್ಟದ್ದೆಂದು ನಾನು ಹೇಳಲಾರೆ. ಟಿವಿಯ ಸ್ವಂತ ಸ್ಪೀಕರ್‌ಗಿಂತ ಅದು ಎಷ್ಟೋ ಮೇಲು.

ಸೌಂಡ್‌ಬಾರ್ ಮನೆಯಲ್ಲಿರುವಾಗಲೇ ಬಂದ ಸ್ಟೀರಿಯೊ ಜೋಡಿ ಮೂರು ವಾರ ನಮ್ಮನ್ನು ಬೇರೆಯೇ ಲೋಕದಲ್ಲಿರಿಸಿತು. ಹಾಡು ಕೇಳುವುದಕ್ಕೆ ಮೂರರಲ್ಲೂ ಅದೇ ಉತ್ತಮ. ತಂಬೂರಿಯ ನಾದ ಎರಡು ಸ್ಪೀಕರ್‌ಗಳ ನಡುವೆ ನಿಂತಂತೆ ಕೇಳುತ್ತಿತ್ತು. ಆದರೆ ಆ ಅನುಭವ ಸೋಫಾದ ನಡುವೆ ಕುಳಿತವನಿಗೆ ಮಾತ್ರ. ನನ್ನ ತಾಯಿಯವರು ಕೂರುವುದು ಎಡಗಡೆಯ ಬೆತ್ತದ ಕುರ್ಚಿಯಲ್ಲಿ. ಎರಡು ಸ್ಪೀಕರ್‌ಗಳಿಂದಲೂ ಒಂದೇ ಧ್ವನಿ ಬರುವಾಗ ಯಾವುದು ಮೊದಲು ಕಿವಿ ತಲುಪುತ್ತದೋ ಅದರ ಕಡೆಯಿಂದಲೇ ಮಾತು ಬಂದಂತೆ ನಮಗೆ ತೋರುತ್ತದೆ. ಹೀಗಾಗಿ ಪರದೆಯ ಮಧ್ಯದಲ್ಲಿರುವ ಪಾತ್ರದ ಮಾತು ಅವರಿಗೆ ಎಡಗಡೆಯ ಡಬ್ಬಿಯಿಂದ ಕೇಳುತ್ತಿತ್ತು. “ಮುಖ ಅಲ್ಲಿದೆ, ಮಾತು ಇಲ್ಲಿದೆ” ಎಂದು ಅವರು ದಿನವೂ ಹೇಳುತ್ತಿದ್ದರು. ಒಬ್ಬರೇ ಇರುವ ಮನೆಯಾಗಿದ್ದರೆ ನಾನು ಅದನ್ನೇ ಕೊಳ್ಳುತ್ತಿದ್ದೆ.

ಅವರ ಆ ಮಾತಿನಿಂದಲೇ ನನಗೆ ಬೇಕಾದದ್ದು ಸ್ಪಷ್ಟವಾಯಿತು: ಹಿಂದಿನ ಎರಡು ಇಲ್ಲದಿದ್ದರೂ ನಡೆಯುತ್ತದೆ, ನಡುವಿನ ಒಂದು ಮಾತ್ರ ಬೇಕೇ ಬೇಕು. ಸಿನಿಮಾದ ಸಂಭಾಷಣೆಯಲ್ಲಿ ಹೆಚ್ಚಿನ ಪಾಲು ಸೆಂಟರ್ ಸ್ಪೀಕರ್‌ಗೇ ಮೀಸಲು. ಸಹೋದ್ಯೋಗಿಯೊಬ್ಬರು ಮಾರುತ್ತಿದ್ದ ಹಳೆಯ 5.1 ರಿಸೀವರ್ 14,000 ರೂಪಾಯಿಗೆ ಸಿಕ್ಕಿತು. ಹಳೆಯದರ ಮೂಲಕ 4ಕೆ ಎಚ್‌ಡಿಆರ್ ಚಿತ್ರ ಹಾದುಹೋಗುವುದಿಲ್ಲವೆಂದು ಅವರೇ ಎಚ್ಚರಿಸಿದ್ದರು. ಅದಕ್ಕಾಗಿ ಎಲ್ಲ ಉಪಕರಣಗಳನ್ನೂ ಟಿವಿಗೇ ಜೋಡಿಸಿ, ಟಿವಿಯಿಂದ ಧ್ವನಿಯನ್ನು ಮಾತ್ರ ಎಆರ್‌ಸಿ ಎಂದು ಬರೆದಿರುವ ಎಚ್‌ಡಿಎಂಐ ಕಿಂಡಿಯಿಂದ ರಿಸೀವರ್‌ಗೆ ತಂದೆ, ಟಿವಿಯ ಡಿಜಿಟಲ್ ಔಟ್‌ಪುಟನ್ನು 5.1 ಧ್ವನಿ ಸಾಗಿಸಬಲ್ಲ ಡಾಲ್ಬಿ ಡಿಜಿಟಲ್‌ಗೆ ಇಟ್ಟೆ. ರಿಸೀವರ್‌ನ ಸೆಟ್ಟಿಂಗಿನಲ್ಲಿ ಹಿಂಬದಿಯ ಸ್ಪೀಕರ್ ಇಲ್ಲವೆಂದು ತಿಳಿಸಿದರೆ, ಅಲ್ಲಿಗೆ ಹೋಗಬೇಕಾದ ಧ್ವನಿಯನ್ನು ಅದು ಮುಂದಿನ ಎಡಬಲಗಳಿಗೆ ಬೆರೆಸಿಕೊಡುತ್ತದೆ. ಆದ್ದರಿಂದ ಸಿನಿಮಾದ ಯಾವ ಶಬ್ದವೂ ಕಳೆದುಹೋಗುವುದಿಲ್ಲ, ಬರುವ ದಿಕ್ಕು ಮಾತ್ರ ಬದಲಾಗುತ್ತದೆ. ಸ್ಟೀರಿಯೊ ಧಾರಾವಾಹಿಯಲ್ಲಿಯೂ ಅದು ಎರಡೂ ಕಡೆ ಸಮಾನವಾಗಿರುವ ಮಾತನ್ನು ಹೆಕ್ಕಿ ನಡುವಿಗೆ ಕಳುಹಿಸುತ್ತದೆ. ಸೆಂಟರ್‌ನ ಮಟ್ಟವನ್ನು 3 ಡೆಸಿಬೆಲ್ ಏರಿಸಿದ ಮೇಲೆ, ಮಾತು ಕೇಳುವುದಿಲ್ಲ, ಹಾಡು ಬಂದರೆ ಕಿವಿ ಒಡೆಯುತ್ತದೆ ಎಂಬ ದೂರು ನಿಂತಿತು.

ಟಿವಿ ಸ್ಟ್ಯಾಂಡಿನ ಕೆಳಗಿನ ಅರೆಯಲ್ಲಿ ಸೆಂಟರ್ ಸ್ಪೀಕರ್ ನಮ್ಮ ಮೊಣಕಾಲಿನ ಕಡೆಗೆ ಮಾತನಾಡುತ್ತಿತ್ತು. ಅದರ ಮುಂಭಾಗದಡಿ ಬಾಗಿಲಿಗೆ ಕೊಡುವ ರಬ್ಬರ್ ತುಂಡುಗಳೆರಡನ್ನು ಇಟ್ಟು ಮುಖ ಮೇಲಕ್ಕೆ ಮಾಡಿದೆ. ಇದಕ್ಕೆ ತಗುಲಿದ ಖರ್ಚು ನಲವತ್ತು ರೂಪಾಯಿ, ಲಾಭ ಮಾತ್ರ ಎಲ್ಲಕ್ಕಿಂತ ಹೆಚ್ಚು. ಸ್ಪೀಕರ್‌ಗಳ ದೂರವನ್ನೂ ಮಟ್ಟವನ್ನೂ ರಿಸೀವರ್ ತಾನೇ ಅಳೆದುಕೊಳ್ಳುವಂತೆ ಅದರ ಅಳತೆಯ ಮೈಕನ್ನು ಸೋಫಾದ ಮೇಲೆ ಕಿವಿಯ ಎತ್ತರಕ್ಕೆ ಇಟ್ಟು, ಫ್ಯಾನ್ ಆರಿಸಿ ಅಳೆಯಬೇಕು. ಮೊದಲ ಸಲ ನಡುವೆ ಕುಕ್ಕರ್ ಕೂಗಿ ಲೆಕ್ಕವೆಲ್ಲ ಕೆಟ್ಟಿತು. ಎರಡನೆಯ ಸಲ ಅದು ಒಂಬತ್ತು ಅಡಿ ದೂರದಲ್ಲಿದ್ದ ಸಬ್‌ವೂಫರನ್ನು ಹದಿನೈದು ಅಡಿ ಎಂದಿತು. ತಪ್ಪೆಂದು ಭಾವಿಸಿ ನಾನು ಒಂಬತ್ತಕ್ಕೆ ತಿದ್ದಿದೆ, ಧ್ವನಿ ಹದಗೆಟ್ಟಿತು. ಸಬ್‌ವೂಫರ್‌ನ ಒಳಗಿನ ಸರ್ಕ್ಯೂಟಿನಲ್ಲಾಗುವ ವಿಳಂಬವನ್ನೂ ಅದು ದೂರವಾಗಿ ಲೆಕ್ಕ ಹಾಕುತ್ತದೆಂದು ಆಮೇಲೆ ತಿಳಿದು ಹದಿನೈದಕ್ಕೇ ಮರಳಿಸಿದೆ.

ಸಬ್‌ವೂಫರ್‌ನ ತೊಂದರೆ ಸೌಂಡ್‌ಬಾರ್‌ನಲ್ಲೂ ಇತ್ತು, ಇದರಲ್ಲೂ ಇದೆ. 16 ಅಡಿ ಉದ್ದದ ಕೋಣೆಯಲ್ಲಿ ಸುಮಾರು 35 ಹರ್ಟ್ಜ್‌ನ ಶಬ್ದ ಎರಡು ಗೋಡೆಗಳ ನಡುವೆ ನಿಂತು ಉಬ್ಬುತ್ತದೆ, ಆ ಉಬ್ಬು ಹೆಚ್ಚಾಗಿರುವುದು ಗೋಡೆಯ ಬಳಿಯಲ್ಲೇ, ಎಂದರೆ ನಮ್ಮ ಸೋಫಾ ಇರುವಲ್ಲಿ. ಷೋಕೇಸಿನ ಗಾಜು ಗಲಗಲ ಎನ್ನುತ್ತಿತ್ತು, ಕೆಳಗಿನ ಮನೆಯವರು ಗಿರಣಿ ಹಾಕಿಸಿದ್ದೀರಾ ಎಂದು ಕೇಳಿದ್ದರು. ಸೋಫಾವನ್ನು ಒಂದಡಿ ಮುಂದಕ್ಕೆ ಎಳೆದು, ಸಬ್‌ವೂಫರನ್ನು ಮೂಲೆಯಿಂದ ಹೊರತಂದು, ಅಡಿಯಲ್ಲಿ ದಪ್ಪ ರಬ್ಬರ್ ಹಾಳೆಯನ್ನೂ ಅದರ ಮೇಲೊಂದು ಕಡಪ ಕಲ್ಲನ್ನೂ ಹಾಕಿದ ಮೇಲೆ ಗಾಜು ಸುಮ್ಮನಾಯಿತು. ರಾತ್ರಿ ಹತ್ತರ ಬಳಿಕ ಅದನ್ನು ಆರಿಸಿಯೇ ಬಿಡುತ್ತೇನೆ.

ಇನ್ನುಳಿದವು ಚಿಕ್ಕ ಮಾತುಗಳು. ನೋಟಕ್ಕೆ ಸೌಂಡ್‌ಬಾರ್ ಅಚ್ಚುಕಟ್ಟು. ರಿಸೀವರ್ ಬಿಸಿಯಾಗುತ್ತದೆ, ಅದಕ್ಕಾಗಿ ಸ್ಟ್ಯಾಂಡಿನ ಹಿಂದಿನ ಹಲಗೆಯನ್ನು ತೆಗೆಯಬೇಕಾಯಿತು. ಟಿವಿಯ ರಿಮೋಟಿನಿಂದಲೇ ಎರಡರ ಶಬ್ದವನ್ನೂ ಏರಿಸಿ ಇಳಿಸಬಹುದು. ಮೇಲ್ಚಾವಣಿಗೆ ಶಬ್ದ ಚಿಮ್ಮಿಸುವ ಅಟ್ಮಾಸ್ ಮಾದರಿಗಳನ್ನು ನಾನು ಮನೆಯಲ್ಲಿ ಪ್ರಯೋಗಿಸಿಲ್ಲ. ಅವಕ್ಕೆ ಸಮತಟ್ಟಾದ ಚಾವಣಿ ಬೇಕಾದ್ದರಿಂದ ಮಲೆನಾಡಿನ ಹೆಂಚಿನ ಮನೆಯವರು ಕೊಳ್ಳುವ ಮುನ್ನ ಒಮ್ಮೆ ತಲೆಯೆತ್ತಿ ನೋಡುವುದು ಒಳ್ಳೆಯದು.

ಖರ್ಚಿನ ಲೆಕ್ಕ ಹೀಗಿದೆ. ರಿಸೀವರ್ 14,000, ಬುಕ್‌ಶೆಲ್ಫ್ ಜೋಡಿ 13,500, ಸೆಂಟರ್ 8,000, ಸಬ್‌ವೂಫರ್ 11,000, ಎಸ್‌ಪಿ ರಸ್ತೆಯಿಂದ ತಂದ 16 ಗೇಜಿನ ತಂತಿ 900. ಒಟ್ಟು 47,400 ರೂಪಾಯಿ. ಸೌಂಡ್‌ಬಾರ್‌ಗಿಂತ ಹದಿನಾರು ಸಾವಿರದಷ್ಟು ಹೆಚ್ಚು, ಅದೂ ರಿಸೀವರ್‌ಗೆ ವಾರಂಟಿ ಇಲ್ಲದೆ. ಹಣ ಒಟ್ಟಿಗೆ ಇಲ್ಲದಿದ್ದರೆ ಸಬ್‌ವೂಫರನ್ನು ಮುಂದೂಡಬಹುದು. ನಾನೂ ಮೊದಲ ಎರಡು ತಿಂಗಳು ಹಾಗೆಯೇ ನಡೆಸಿದೆ. ಸೆಂಟರನ್ನು ಮುಂದೂಡಿದರೆ ಇಷ್ಟೆಲ್ಲ ಮಾಡುವುದಕ್ಕೆ ಅರ್ಥವಿಲ್ಲ.

ಸೌಂಡ್‌ಬಾರನ್ನು ನನ್ನ ಭಾವಮೈದುನ 17,000 ರೂಪಾಯಿಗೆ ಕೊಂಡುಕೊಂಡರು. ಅವರದು ಸ್ವಂತ ಮನೆ; ಸೋಫಾ ಗೋಡೆಯಿಂದ ಮೂರಡಿ ಮುಂದಿದೆ, ಅದರ ಹಿಂದೆಯೇ ಪ್ಲಗ್ ಪಾಯಿಂಟ್ ಇದೆ, ಆ ಪಾಯಿಂಟ್ ಇನ್ವರ್ಟರ್ ಲೈನಿನಲ್ಲೂ ಇದೆ. ಎಂಟು ತಿಂಗಳಾದರೂ ಹಿಂದಿನ ಡಬ್ಬಿ ಒಮ್ಮೆಯೂ ಕೈಕೊಟ್ಟಿಲ್ಲವಂತೆ.